ಸ್ವಿಚ್ಚಿನ ಮೇಲಿನ ಟೋಪಿ

ಆ ಮರದ ಮಿಲ್ಲಿನಲ್ಲಿ ಕೆಲಸಕ್ಕಿದ್ದವರು ಹನ್ನೊಂದು ಜನ. ಹುಟ್ಟಿದ ಲೆಕ್ಕದಲ್ಲಿ ಅವರ ಕೈಬೆರಳು ನೂರಹತ್ತು ಇರಬೇಕಿತ್ತು, ಇದ್ದದ್ದು ನೂರಾ ಎರಡು. ಮಿಕ್ಕ ಎಂಟನ್ನು ಗರಗಸ ಒಂದೊಂದಾಗಿ ತಿಂದು ಹಾಕಿತ್ತು. ಹೊಸಬರು ಬಂದರೆ ಹಳಬರು ಮೊಂಡು ಬೆರಳು ಚಾಚಿ, ಇದು ನಮ್ಮ ಸರ್ವಿಸ್ ಸರ್ಟಿಫಿಕೇಟು ಎಂದು ನಗುತ್ತಿದ್ದರು. ನಗದೆ ಏನು ಮಾಡುತ್ತಾರೆ, ಹೋದ ಬೆರಳು ಅತ್ತರೆ ಚಿಗುರುತ್ತದೆಯೇ?

ಗರಗಸ ಎಂದರೆ ಬಡಗಿಯ ಚೀಲದಲ್ಲಿರುವ ಕೈಗರಗಸವಲ್ಲ. ಆಳೆತ್ತರದ ಎರಡು ಗಾಲಿ, ಒಂದು ನೆಲದ ಮೇಲೆ, ಇನ್ನೊಂದು ನೆಲದ ಕೆಳಗಿನ ಗುಂಡಿಯಲ್ಲಿ. ಎರಡನ್ನೂ ಸುತ್ತಿ ಓಡುವ ಉಕ್ಕಿನ ಪಟ್ಟಿ, ಪಟ್ಟಿಯ ಅಂಚಿಗೆ ಹಲ್ಲು. ದಿಮ್ಮಿ ಬಂದರೆ ದಿಮ್ಮಿ, ಕೈ ಬಂದರೆ ಕೈ. ಭೇದಭಾವ ಅದಕ್ಕೆ ಗೊತ್ತಿಲ್ಲ.

ಆ ಹಲ್ಲುಗಳಿಗೆ ಸಾಣೆ ಹಿಡಿಯುವವನನ್ನು ಎಲ್ಲರೂ ಸಾಣೆಯಣ್ಣ ಎಂದೇ ಕರೆಯುತ್ತಿದ್ದರು. ಇಪ್ಪತ್ತು ವರ್ಷ ಹಲ್ಲು ಚೂಪು ಮಾಡಿ ಮಾಡಿ ನಾಲಿಗೆಯೂ ಚೂಪಾಗಿತ್ತು. ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಬೈದ ಐದು ನಿಮಿಷಕ್ಕೆ ಅದನ್ನು ಅವನೇ ಮರೆಯುತ್ತಿದ್ದ. ಬೈಸಿಕೊಂಡವರು ಮರೆತರೋ ಇಲ್ಲವೋ ಎಂದು ತಿರುಗಿ ನೋಡುವ ಅಭ್ಯಾಸ ಅವನಿಗಿರಲಿಲ್ಲ.

ಗರಗಸ ಓಡಿದಂತೆಲ್ಲ ಗುಂಡಿಯಲ್ಲಿ ಮರದ ಹೊಟ್ಟು ತುಂಬುತ್ತದೆ. ದಿನಕ್ಕೆರಡು ಸಲ ಗರಗಸ ನಿಲ್ಲಿಸಿ, ಒಬ್ಬ ಏಣಿ ಇಳಿದು ಸಲಿಕೆಯಲ್ಲಿ ಅದನ್ನು ಬುಟ್ಟಿಗೆ ತುಂಬಬೇಕು. ಇಳಿಯುವವನು ತನ್ನ ಟೋಪಿ ತೆಗೆದು ಸ್ವಿಚ್ಚಿನ ಹಿಡಿಗೆ ಸಿಕ್ಕಿಸಿ ಇಳಿಯಬೇಕು. ಟೋಪಿ ಅಲ್ಲಿರುವ ತನಕ ಹಿಡಿಯನ್ನು ಯಾರೂ ಮುಟ್ಟುವ ಹಾಗಿಲ್ಲ. ಟೋಪಿಯನ್ನು ಅದರ ಒಡೆಯನೇ ಮೇಲೆ ಬಂದು ತೆಗೆಯಬೇಕು. ಯಾವ ಕಾಗದದಲ್ಲೂ ಬರೆಯದ ಈ ಕಾನೂನನ್ನು ಮಿಲ್ಲಿನ ಮಾಲೀಕನೂ ಮೀರುತ್ತಿರಲಿಲ್ಲ. ಒಬ್ಬನ ಟೋಪಿಗೆ ಗ್ರೀಸಿನ ಕಲೆ, ಒಬ್ಬನದಕ್ಕೆ ಹರಿದ ಅಂಚು, ಇನ್ನೊಬ್ಬನದು ಇಲಿ ಕಚ್ಚಿದ್ದು. ಹತ್ತು ಮಾರು ದೂರದಿಂದಲೇ, ಗುಂಡಿಯಲ್ಲಿರುವವನು ಇಂಥವನು ಎಂದು ತಿಳಿಯುತ್ತಿತ್ತು.

ಎರಡು ವರ್ಷದ ಹಿಂದೆ ಆ ಗುಂಡಿಯಲ್ಲಿ ಸತ್ತವನು ಸಾಣೆಯಣ್ಣನ ಒಡಹುಟ್ಟಿದ ತಮ್ಮ. ಎಲ್ಲರ ಬಾಯಲ್ಲೂ ಅವನು ಚಿಕ್ಕ. ಅದು ಮಿಲ್ಲಿನವರಿಗೆಲ್ಲ ಹೊಸ ನೀಲಿ ಟೋಪಿ ಹಂಚಿದ ಮಾರನೆಯ ದಿನ. ಮಧ್ಯಾಹ್ನದ ಬಿಡುವಿನಲ್ಲಿ ಗುಂಡಿಗೆ ಚಿಕ್ಕ ಇಳಿದಿದ್ದಾಗಲೇ ಗರಗಸ ಓಡಿತು. ಕೆಳಗಿನ ಗಾಲಿ ಅವನನ್ನು ತೋಳಿನಿಂದ ಎಳೆದುಕೊಂಡಿತು. ಕೂಗು ಕೇಳಿಸಿದ್ದು ಒಂದೇ ಒಂದು, ಅದೂ ಅರ್ಧ. ಸಾಣೆಯಣ್ಣನೇ ಇಳಿದು ತಮ್ಮನನ್ನು ಮೇಲೆ ತಂದ. ಒಂದೇ ಸಲಕ್ಕೆ ತರಲು ಆಗಲಿಲ್ಲ. ಹೊಟ್ಟು ರಕ್ತ ಕುಡಿದು ಕೆಂಪು ಹಿಟ್ಟಾಗಿತ್ತು, ಮೊಣಕಾಲಿನ ತನಕ ಅಂಟುತ್ತಿತ್ತು. ಟೋಪಿ ಚಿಕ್ಕನ ಸೊಂಟದ ಪಟ್ಟಿಯಲ್ಲೇ ಸಿಕ್ಕಿಕೊಂಡಿತ್ತು.

ನೋಡಿ, ಟೋಪಿ ಇವನ ಹತ್ತಿರವೇ ಇದೆ, ಹಿಡಿಗೆ ಸಿಕ್ಕಿಸದೆ ಇಳಿದಿದ್ದಾನೆ, ಹಿಡಿ ಎಳೆದವನ ತಪ್ಪೇನೂ ಇಲ್ಲ ಎಂದ ಮೇಸ್ತ್ರಿ. ಹಾಗೆಂದೇ ಬರೆದುಕೊಂಡು, ರಕ್ತದ ಬಟ್ಟೆಯನ್ನೂ ಟೋಪಿಯನ್ನೂ ಬಾಯ್ಲರಿಗೆ ಹಾಕಿಸಿದ. ಊರೆಲ್ಲ ಅದನ್ನೇ ಆಡಿತು. ಸಾಣೆಯಣ್ಣನೂ ಅದನ್ನೇ ನಂಬಿದ. ಹೆಣದ ಮುಂದೆ ನಿಂತು, ಬೇಜವಾಬ್ದಾರಿ ಮುಂಡೇದೇ, ನಿನ್ನ ಕೈಯಾರೆ ನೀನೇ ಸತ್ತೆ ಎಂದು ಗೋಡೆಗೆ ತಲೆ ಚಚ್ಚಿಕೊಂಡ. ನಂಬದವಳು ಒಬ್ಬಳೇ, ಚಿಕ್ಕನ ಹೆಂಡತಿ. ಬಾಗಿಲ ಚಿಲಕವನ್ನು ಮೂರು ಸಲ ಮುಟ್ಟಿ ನೋಡಿ ಮಲಗುವವರು ಟೋಪಿ ಮರೆತರೇ ಎಂದು ಕೇಳುತ್ತಿದ್ದಳು. ಆಮೇಲೆ ಅವಳು ಮಿಲ್ಲಿನ ಕ್ಯಾಂಟೀನಿನಲ್ಲಿ ಟೀ ಕಾಯಿಸುವ ಕೆಲಸಕ್ಕೆ ಸೇರಿದಳು, ಕೇಳುವುದನ್ನೂ ಬಿಟ್ಟಳು.

ಆ ದಿನದ ನಂತರ ಗುಂಡಿಗೆ ಇಳಿಯಲು ಒಬ್ಬರೂ ತಯಾರಿರಲಿಲ್ಲ. ಸ್ವಿಚ್ಚಿನ ಹತ್ತಿರ ನಿಲ್ಲುವ ಆಳು, ಎಲ್ಲರೂ ಉದ್ದ ಎನ್ನುತ್ತಿದ್ದವನು, ನಾನೇ ಇಳೀತೀನಿ ಎಂದ. ಎರಡು ವರ್ಷದಿಂದ ದಿನಕ್ಕೆರಡು ಸಲ ಅವನೇ ಇಳಿಯುತ್ತಿದ್ದ. ವಾರಕ್ಕೊಮ್ಮೆ ಮರದ ಚೂರುಗಳ ಮೂಟೆಯನ್ನು ಚಿಕ್ಕನ ಹೆಂಡತಿಯ ಒಲೆಗೆಂದು ಬಾಗಿಲಲ್ಲಿ ಇಳಿಸಿ, ನೀರು ಕೂಡ ಕುಡಿಯದೆ ಹೋಗುತ್ತಿದ್ದ. ಇಂಥ ಬಂಗಾರದ ಮನುಷ್ಯ ಎಲ್ಲಿದ್ದಾನೆ ಎಂದು ಸಾಣೆಯಣ್ಣ ತನ್ನ ಬುತ್ತಿಯಲ್ಲಿ ಅವನಿಗೆ ಪಾಲು ಕೊಡುತ್ತಿದ್ದ.

ಹೀಗಿರುವಾಗ ಮಿಲ್ಲಿಗೆ ಹೊಸ ಯಂತ್ರ ಬರುವುದೆಂದಾಯಿತು. ಅದರ ಬಟನ್ನುಗಳ ಮೇಲೆ ಬರೆದದ್ದೆಲ್ಲ ಇಂಗ್ಲಿಷು, ಓಡಿಸುವವರು ಇಂಗ್ಲಿಷಿನಲ್ಲಿ ಪರೀಕ್ಷೆ ಪಾಸು ಮಾಡಬೇಕು. ಮಾಲೀಕ ಒಬ್ಬ ಟೀಚರಮ್ಮನನ್ನು ಗೊತ್ತುಮಾಡಿದ. ವಾರಕ್ಕೆ ಮೂರು ದಿನ, ದಿನದ ಕೆಲಸ ಮುಗಿದ ಮೇಲೆ, ಕ್ಯಾಂಟೀನಿನ ಬೆಂಚುಗಳ ಮೇಲೆ ಹನ್ನೊಂದು ಗಂಡಸರು ಮಕ್ಕಳ ಹಾಗೆ ನೋಟುಪುಸ್ತಕ ತೆರೆದು ಕೂರುತ್ತಿದ್ದರು. ಪೆನ್ನು ಹಿಡಿಯಲು ಬೆರಳಿಲ್ಲದವರು ಇದ್ದ ಬೆರಳಲ್ಲೇ ಹಿಡಿಯುತ್ತಿದ್ದರು. ಆರು ತಿಂಗಳಲ್ಲಿ, ನಿಧಾನವಾಗಿ ಹೇಳಿದರೆ ಅರ್ಥವಾಗುವಷ್ಟು ಇಂಗ್ಲಿಷು ಎಲ್ಲರಿಗೂ ಬಂದಿತ್ತು.

ಆ ದಿನದ ಪಾಠ, ಆಗದೇ ಹೋದದ್ದನ್ನು ಹೇಳುವುದು ಹೇಗೆ ಎಂಬುದು. ಹೀಗೆ ಮಾಡಿದ್ದರೆ ಹಾಗೆ ಆಗುತ್ತಿತ್ತು, ಆದರೆ ಮಾಡಲಿಲ್ಲ, ಆಗಲಿಲ್ಲ. ಇಫ್ ಅಂತ ಶುರುಮಾಡಿ, ಮೊದಲ ತುಂಡಿಗೆ ಹ್ಯಾಡ್ ಹಾಕಿ, ಎರಡನೆಯ ತುಂಡಿಗೆ ವುಡ್ ಹ್ಯಾವ್ ಹಾಕಿ ಎಂದು ಟೀಚರಮ್ಮ ಬೋರ್ಡಿನ ಮೇಲೆ ಬರೆದರು. ದಿಮ್ಮಿ ಹೊರುವ ಮುದುಕ ಕೈ ಎತ್ತಿ, ಇದು ನಮ್ಮಲ್ಲೂ ಉಂಟು, ಚಿಕ್ಕಮ್ಮನಿಗೆ ಮೀಸೆ ಬಂದಿದ್ದರೆ ಚಿಕ್ಕಪ್ಪ ಅನ್ನಬಹುದಿತ್ತು ಎಂದ. ಎಲ್ಲರೂ ನಕ್ಕರು. ಟೀಚರಮ್ಮನೂ ನಕ್ಕು, ಒಬ್ಬೊಬ್ಬರೂ ಅವರವರ ಬದುಕಿನಿಂದಲೇ ಒಂದೊಂದು ವಾಕ್ಯ ಹೇಳಬೇಕು ಎಂದರು. ಪಾಪ, ಆಕೆಗೇನು ಗೊತ್ತು.

ಮುದುಕ, ಬೇಗ ಎದ್ದಿದ್ದರೆ ಬಸ್ಸು ಸಿಗುತ್ತಿತ್ತು ಎಂದ. ಏಳು ಬೆರಳಿನವನು, ಕುಡಿಯದೇ ಬಂದಿದ್ದರೆ ಹತ್ತೂ ಉಳಿಯುತ್ತಿದ್ದವು ಎಂದ, ಮತ್ತೆ ನಗು. ಸಾಣೆಯಣ್ಣನ ಸರದಿ ಬಂದಾಗ ಅವನ ಬಾಯಿಗೆ ಬಂದದ್ದು ಒಂದು ಎಳೆ ದಾರದ ಮಾತು. ಎರಡು ವರ್ಷದಿಂದ ಅದು ಗಂಟಲ ಮುಳ್ಳಾಗಿತ್ತು, ಹೆಂಡತಿಗೂ ಹೇಳಿರಲಿಲ್ಲ. ಅದನ್ನು ನುಂಗಿ, ಕೊಡೆ ತಂದಿದ್ದರೆ ನೆನೆಯುತ್ತಿರಲಿಲ್ಲ ಎಂದು ಹೇಳಿ ಕೂತ.

ಕೊನೆಗೆ ಉದ್ದ ಎದ್ದು ನಿಂತ. ಬೋರ್ಡನ್ನೇ ನೋಡುತ್ತ, ಒಂದೊಂದೇ ಪದವನ್ನು ನೆಲಕ್ಕೆ ಇಡುವವನಂತೆ ಹೇಳಿದ.

"ಇಫ್ ಐ ಹ್ಯಾಡ್ ನಾಟ್ ಟೇಕನ್ ದಿ ಕ್ಯಾಪ್, ಹಿ ವುಡ್ ಹ್ಯಾವ್ ಲಿವ್ಡ್."

ವೆರಿ ಗುಡ್ ಎಂದರು ಟೀಚರಮ್ಮ.

ಬೆಂಚುಗಳ ಮೇಲಿದ್ದವರಿಗೆಲ್ಲ ಅರ್ಥವಾಯಿತು. ನಾನು ಟೋಪಿ ತೆಗೆಯದಿದ್ದರೆ ಅವನು ಬದುಕಿರುತ್ತಿದ್ದ. ಸ್ವಂತ ಮಾತಿನಲ್ಲಿ ಎರಡು ವರ್ಷ ಬಾಯಿಂದ ಹೊರಡದ್ದನ್ನು ಆ ಮನುಷ್ಯ ಬಾಡಿಗೆ ಮಾತಿನಲ್ಲಿ ಹೇಳಿ ಮುಗಿಸಿದ್ದ. ಹೇಳಿ ಕೂರಲಿಲ್ಲ, ಸಾಣೆಯಣ್ಣನ ಕಡೆ ತಿರುಗಿ ನಿಂತುಕೊಂಡ, ಹೊಡಿ ಎನ್ನುವಂತೆ.

ಸಾಣೆಯಣ್ಣ ಹೊಡೆದ. ಪಕ್ಕದಲ್ಲಿದ್ದ ಸ್ಟೂಲನ್ನೇ ಎತ್ತಿ ಮುಖಕ್ಕೆ ಬೀಸಿದ. ಎರಡು ಹಲ್ಲು ನೋಟುಪುಸ್ತಕದ ಮೇಲೆ ಬಿದ್ದವು. ಎರಡನೆಯ ಏಟು ಭುಜಕ್ಕೆ, ಒಣಗಿದ ಸೌದೆ ಮುರಿದ ಹಾಗೆ ಒಳಗೆ ಏನೋ ಲಟಕ್ಕೆಂದಿತು. ಉದ್ದ ತನ್ನ ಕೈ ಅಡ್ಡ ತರಲಿಲ್ಲ. ಅಡ್ಡ ತಂದಿದ್ದರೆ ಸಿಟ್ಟು ಅಲ್ಲಿಗೆ ಇಳಿಯುತ್ತಿತ್ತೇನೋ. ತರದೇ ಇದ್ದದ್ದು ಸಾಣೆಯಣ್ಣನಿಗೆ ಇನ್ನಷ್ಟು ಉರಿ ಹತ್ತಿಸಿತು. ಇವನಿಗೆ ನನ್ನ ಬುತ್ತಿ ಕೊಟ್ಟೆನಲ್ಲ, ಸತ್ತ ತಮ್ಮನನ್ನು ಬೈದು ಇವನನ್ನು ಹೊಗಳಿದೆನಲ್ಲ ಎಂದು ಒಂದೊಂದಕ್ಕೂ ಒಂದೊಂದು ಒದೆ ಒದ್ದ. ಬಿಡಿಸಲು ಬಂದ ಮುದುಕನಿಗೆ ಮೊಣಕೈ ತಗಲಿ ಮೂಗು ಒಡೆಯಿತು. ಏಳು ಬೆರಳಿನವನು ಗೋಡೆಗೆ ಹೋಗಿ ಬಿದ್ದ. ಆಮೇಲೆ ಯಾರೂ ಹತ್ತಿರ ಬರಲಿಲ್ಲ.

ಒಲೆಯ ಹತ್ತಿರದಿಂದ ಚಿಕ್ಕನ ಹೆಂಡತಿ ಓಡಿ ಬಂದಳು. ಅವಳಿಗೆ ಇಂಗ್ಲಿಷು ಬರದು. ಅವನು ಏನು ಹೇಳಿದ ಎಂದು ಟೀಚರಮ್ಮನ ರಟ್ಟೆ ಹಿಡಿದು ಕೇಳಿದಳು. ಆಕೆ ಪಾಠ ಒಪ್ಪಿಸುವವರಂತೆ ಹೇಳಿಬಿಟ್ಟರು.

"ನಾನು ಆ ಟೋಪಿ ತೆಗೀದೇ ಇದ್ದಿದ್ರೆ ಅವನು ಬದುಕಿರ್ತಿದ್ದ, ಅಂತ."

ಚಿಕ್ಕನ ಹೆಂಡತಿ ಕೂಗಲಿಲ್ಲ, ಅಳಲಿಲ್ಲ. ಅಂದರೆ ಅವರು ಸಿಕ್ಕಿಸಿದ್ದರು ಎಂದಳು, ತನಗೆ ತಾನೇ. ಅಷ್ಟೇ.

ಸಾಣೆಯಣ್ಣ ಅಷ್ಟರಲ್ಲಿ ಉದ್ದನ ಅಂಗಿಯ ಕುತ್ತಿಗೆಪಟ್ಟಿ ಹಿಡಿದು, ದಿಮ್ಮಿ ಎಳೆದ ಹಾಗೆ ಎಳೆದುಕೊಂಡು ಅಂಗಳ ದಾಟಿದ್ದ. ನೆಲದುದ್ದಕ್ಕೂ ರಕ್ತದ ಗೆರೆ. ಗರಗಸದ ಶೆಡ್ಡಿನಲ್ಲಿ ಯಾರೂ ಇರಲಿಲ್ಲ. ಅವನು ಗುಂಡಿಯ ಹಲಗೆ ಸರಿಸಿ ಉದ್ದನನ್ನು ಒಳಕ್ಕೆ ದೂಡಿದ. ಆಳು ಏಣಿಗೆ ಎರಡು ಕಡೆ ಬಡಿದು, ಕೆಳಗಿನ ಗಾಲಿಯ ಬುಡಕ್ಕೆ ಹೊಟ್ಟಿನ ಮೇಲೆ ಬಿದ್ದ. ಸಾಣೆಯಣ್ಣ ಸ್ವಿಚ್ಚಿನ ಹಿಡಿಗೆ ಕೈ ಹಾಕಿದ. ಗರಗಸಕ್ಕೆ ಅವನೇ ಆ ಬೆಳಿಗ್ಗೆ ಸಾಣೆ ಹಿಡಿದಿದ್ದ. ಒಂದು ಸಲ ಎಳೆದರೆ ಸಾಕು, ತಮ್ಮನ ಲೆಕ್ಕ ಚುಕ್ತಾ. ಅವನಿಗೆ ಬೇರೆ ಯೋಚನೆಯೇ ಇರಲಿಲ್ಲ.

ಆ ಕೈಯ ಮೇಲೆ ಇನ್ನೊಂದು ಕೈ ಬಂದು ಕೂತಿತು. ಟೀಯ ಬಿಸಿಗೆ ಬೆಂದು ಬೆಂದು ಒರಟಾದ ಕೈ.

"ತಡೀರಿ ಭಾವ," ಎಂದಳು ಚಿಕ್ಕನ ಹೆಂಡತಿ. "ಎಳೆಯೋದಾದ್ರೆ ನಾನು ಎಳೀತೀನಿ. ನನ್ನ ಗಂಡ ಅವರು."

ಅವನು ಕೈ ತೆಗೆದ. ಹಕ್ಕು ಅವಳದೇ ಎನಿಸಿತು. ಹಿಂದಿನಿಂದ ಓಡಿ ಬಂದವರೆಲ್ಲ ಬಾಗಿಲಲ್ಲೇ ನಿಂತರು. ಮುಂದೆ ಬಂದರೆ ಅವಳು ಎಳೆದೇಬಿಡುತ್ತಾಳೆ ಎಂದು ಅವಳ ಮುಖವೇ ಹೇಳುತ್ತಿತ್ತು. ಅವಳು ಗುಂಡಿಯೊಳಕ್ಕೆ ಬಗ್ಗಿ, ಯಾಕೆ ತೆಗೆದೆ ಎಂದು ಕೇಳಿದಳು.

ಉದ್ದ ಕೆಳಗಿನಿಂದ ರಕ್ತ ಉಗುಳಿ ಉಗುಳಿ ಹೇಳಿದ. ಆ ದಿನ ಊಟ ಮಾಡಿ ಬರಿತಲೆಯಲ್ಲಿ ಬಂದೆ. ಹಿಡಿಯ ಮೇಲೆ ಹೊಸ ನೀಲಿ ಟೋಪಿ ಇತ್ತು. ಹನ್ನೆರಡು ಟೋಪಿ, ಹನ್ನೆರಡೂ ಒಂದೇ ಥರ. ನಂದೇ, ಇಲ್ಲಿ ಮರೆತು ಹೋಗಿದ್ದೀನಿ ಅಂದುಕೊಂಡು ತಲೆಗೆ ಹಾಕಿಕೊಂಡೆ, ಹಿಡಿ ಎಳೆದೆ. ಕೂಗು ಕೇಳಿ ನಿಲ್ಲಿಸಿ ಕೆಳಗೆ ಹಾರುವಾಗ ನನ್ನ ಟೋಪಿ ಹಿಂದಿನ ಜೇಬಿನಲ್ಲಿ ಕೈಗೆ ತಗಲಿತು. ಹೆದರಿ ಅವನದನ್ನು ಅವನ ಸೊಂಟಕ್ಕೆ ಸಿಕ್ಕಿಸಿದೆ. ಸಾಯೋ ತನಕ ಈ ಗುಂಡಿಗೆ ನಾನೇ ಇಳೀಬೇಕು ಅಂತ ಅವತ್ತೇ ಅಂದುಕೊಂಡೆ. ಇಷ್ಟು ಹೇಳಿ, ಎಳೆಯಮ್ಮಾ ಎಂದ.

"ಸುಳ್ಳು," ಎಂದಳು ಅವಳು. ಮೊದಲ ಸಲ ಅವಳ ದನಿ ಒಡೆಯಿತು. "ಅವರ ಟೋಪಿ ಎಲ್ಲರ ಥರ ಇರ್ಲಿಲ್ಲ. ಹಿಂದಿನ ರಾತ್ರಿ ನಾನು ಕೂತು ಮುಂಭಾಗಕ್ಕೆ ಕೆಂಪು ದಾರದಲ್ಲಿ ಹೊಲಿಗೆ ಹಾಕಿದ್ದೆ, ಗುರುತು ಸಿಗ್ಲಿ ಅಂತ. ಕುರುಡನಿಗೂ ಕಾಣೋ ಅಷ್ಟು ದಪ್ಪ. ನೋಡಿ ನೋಡಿ ತೆಗೆದಿದ್ದೀಯ ನೀನು. ಬೇಕು ಅಂತಲೇ ಕೊಂದಿದ್ದೀಯ."

ಉದ್ದ, ದಾರ ಇರಲಿಲ್ಲ ಎಂದ. ಅವಳು ಹಿಡಿಯನ್ನು ಬಿಗಿಯಾಗಿ ಹಿಡಿದು ಸಾಣೆಯಣ್ಣನ ಕಡೆ ತಿರುಗಿದಳು.

"ಭಾವ, ಆ ಬೆಳಿಗ್ಗೆ ಅವರು ನಿಮ್ಮ ಜೊತೇಲೇ ಬಂದಿದ್ದು. ನೀವು ನೋಡಿರ್ತೀರ. ದಾರ ಇತ್ತಲ್ವಾ?"

ಸಾಣೆಯಣ್ಣ ನೋಡಿದ್ದ. ಅವನಷ್ಟು ಚೆನ್ನಾಗಿ ಇನ್ಯಾರು ನೋಡಿದ್ದಾರು. ಹೊಸ ಟೋಪಿಗೆ ಕಲೆ, ಗುರುತು ಏನೂ ಇರಬಾರದು, ನಾಳೆ ಮಾಲೀಕ ನೋಡಲು ಬರುತ್ತಾನೆ ಎಂದು ಮೇಸ್ತ್ರಿ ಅಪ್ಪಣೆ ಮಾಡಿದ್ದ. ಮಾರನೆಯ ಬೆಳಿಗ್ಗೆ ಚಿಕ್ಕ ಸಾಣೆಕೋಣೆಗೆ ಕೆಂಪು ಹೊಲಿಗೆಯ ಟೋಪಿ ಹಾಕಿಕೊಂಡು ಬಂದ, ಹೇಗಿದೆ ಅಣ್ಣ ಎಂದ. ನಿನ್ನಿಂದ ನಾನು ಮೇಸ್ತ್ರಿಯ ಹತ್ತಿರ ಮಾತು ಕೇಳಬೇಕಾ, ಹೆಂಡತಿ ಹೊಲಿದದ್ದನ್ನು ತಲೆಗೇರಿಸಿಕೊಂಡು ಮೆರೆಯೋಕೆ ಇದೇನು ಮದುವೆ ಮನೆಯಾ ಎಂದು ಸಾಣೆಯಣ್ಣ ಟೋಪಿ ಕಿತ್ತುಕೊಂಡ. ಅರದ ಮೊನೆ ತೂರಿಸಿ ದಾರವನ್ನು ಚಿಂದಿ ಚಿಂದಿ ಎಳೆದು ನೆಲಕ್ಕೆ ಎಸೆದ. ಗುರುತು ಬೇಕು ಅಂತ ಹಾಕಿದ್ದು ಅಣ್ಣ ಎಂದ ಚಿಕ್ಕ. ಮಾತು ಬೇಡ ಎಂದು ಕೆನ್ನೆಗೆ ಒಂದು ಬಾರಿಸಿದ. ಚಿಕ್ಕ ತನ್ನ ಕೆನ್ನೆ ಸವರಿಕೊಂಡು, ನೀಲಿ ಟೋಪಿ ಹಾಕಿಕೊಂಡು ಹೋದ. ಬಾಯ್ಲರು ಉಳಿದದ್ದನ್ನೆಲ್ಲ ಸುಟ್ಟ ಮೇಲೆ ಆ ಕೆಂಪು ಎಳೆಗಳನ್ನು ಸಾಣೆಕೋಣೆಯ ಮೂಲೆಯಿಂದ ಗುಡಿಸಿ ಹಾಕಿದವನೂ ಸಾಣೆಯಣ್ಣನೇ. ದಾರಕ್ಕೂ ಸಾವಿಗೂ ಏನೂ ಸಂಬಂಧವಿಲ್ಲ, ಅವನು ಟೋಪಿಯನ್ನೇ ಸಿಕ್ಕಿಸಲಿಲ್ಲವಲ್ಲ ಎಂದು ಎರಡು ವರ್ಷ ತನಗೆ ತಾನೇ ಹೇಳಿಕೊಂಡಿದ್ದ. ಇವತ್ತು ಆ ಗೋಡೆಯೂ ಬಿದ್ದುಹೋಗಿತ್ತು.

ಹೂಂ ಎಂದರೆ ಸಾಕು. ಅವಳು ಹಿಡಿ ಎಳೆಯುತ್ತಾಳೆ, ಉದ್ದ ಹೋಗುತ್ತಾನೆ, ದಾರದ ಮಾತು ಅವನ ಜೊತೆಗೇ ಹೋಗುತ್ತದೆ. ಮತ್ತೆ ಯಾರೂ ಕೇಳುವುದಿಲ್ಲ. ಹೂಂ ಎಂಬುದು ನಾಲಿಗೆಯ ತುದಿಗೆ ಬಂದೂ ಇತ್ತು. ಕೆಳಗೆ ಗಾಲಿಯ ಬುಡದಲ್ಲಿ ಉದ್ದ ಮುರಿದ ಭುಜ ಹಿಡಿದುಕೊಂಡು ಕಣ್ಣು ಮುಚ್ಚಿದ್ದ. ಚಿಕ್ಕ ಬಿದ್ದಿದ್ದೂ ಅದೇ ಜಾಗ.

"ಇರ್ಲಿಲ್ಲಮ್ಮ," ಎಂದ ಸಾಣೆಯಣ್ಣ. "ನೀನು ಹಾಕಿದ್ದೆ. ನಾನು ಕಿತ್ತುಹಾಕಿದೆ. ಕೆನ್ನೆಗೂ ಹೊಡೆದೆ. ದಾರ ಇದ್ದಿದ್ರೆ ಇವನು ಟೋಪಿ ಮುಟ್ತಿರ್ಲಿಲ್ಲ."

ಚಿಕ್ಕನ ಹೆಂಡತಿ ಅವನನ್ನೇ ನೋಡಿದಳು. ನೋಡಿ, ಹಿಡಿ ಬಿಟ್ಟು, ಕಾಲ ಬಳಿ ಬಿದ್ದಿದ್ದ ದಿಮ್ಮಿ ಎಳೆಯುವ ಕಬ್ಬಿಣದ ಕೊಕ್ಕೆ ಎತ್ತಿಕೊಂಡು ಬೀಸಿದಳು. ಕೊಕ್ಕೆಯ ಬೆನ್ನು ಅವನ ಕಿವಿಯ ಮೇಲೆ ಬಿತ್ತು. ತೊಗಲು ಸೀಳಿ ರಕ್ತ ಕೊರಳಿಗಿಳಿಯಿತು. ಅವನು ಮಂಡಿಯೂರಿದ, ಮತ್ತೆ ಎದ್ದು ನಿಂತ. ಕೈ ಅಡ್ಡ ತರಲಿಲ್ಲ. ಉದ್ದ ಯಾಕೆ ಕೈ ಅಡ್ಡ ತಂದಿರಲಿಲ್ಲ ಎಂಬುದು ಅವನಿಗೆ ಆಗ ತಿಳಿಯಿತು. ಇನ್ನೊಂದು ಸಲ ಬೀಸಿದಳು, ಅದು ಬೆನ್ನಿಗೆ. ಮೂರನೆಯದಕ್ಕೆ ಎತ್ತಿದ ಕೊಕ್ಕೆಯನ್ನು ಕೆಳಗೆ ಹಾಕಿದಳು.

ಏದುಸಿರು ಬಿಡುತ್ತ ಅವನ ತಲೆಯ ಮೇಲಿನ ಟೋಪಿಯನ್ನು ಕಿತ್ತುಕೊಂಡಳು. ನೀಲಿ ಬಣ್ಣ ಹೋಗಿ, ಗ್ರೀಸು ಹತ್ತಿ, ಈಗ ಅದು ಅವನದೇ ಎಂದು ಯಾರಿಗಾದರೂ ತಿಳಿಯುವಂತಿತ್ತು. ಅದನ್ನು ಸ್ವಿಚ್ಚಿನ ಹಿಡಿಗೆ ಸಿಕ್ಕಿಸಿದಳು.

"ಇಳೀರಿ ಭಾವ," ಎಂದಳು. "ಅವನನ್ನ ಹೊತ್ಕೊಂಡು ಬನ್ನಿ. ಟೋಪಿ ಇಲ್ಲಿದೆ. ಇಲ್ಲಿ ನಿಂತಿರೋಳು ನಾನು."

ಬಾಗಿಲಲ್ಲಿದ್ದವರಲ್ಲಿ ಯಾರೋ ಬೇಡ ಎಂದರು. ಅವನು ಕೇಳಿಸಿಕೊಳ್ಳಲಿಲ್ಲ. ಇಳಿದ. ಏಣಿಯಲ್ಲಿ ಎಂಟು ಮೆಟ್ಟಿಲು. ಹೆದರಿಕೆಯಾಗಿತ್ತು, ಸುಳ್ಳು ಯಾಕೆ ಹೇಳಬೇಕು. ಕಣ್ಣಿನ ಮಟ್ಟಕ್ಕೇ ಗರಗಸದ ಹಲ್ಲುಗಳಿದ್ದವು, ಬೆಳಿಗ್ಗೆ ತಾನೇ ಚೂಪು ಮಾಡಿದವು. ತಮ್ಮ ಇಲ್ಲಿ ನಿಂತು ಹೊಟ್ಟು ತುಂಬುವಾಗ, ಮೇಲೆ ಟೋಪಿ ಇದೆ ಎಂದು ಧೈರ್ಯವಾಗಿದ್ದನಲ್ಲ ಎನಿಸಿತು. ಹಾಗೆ ಎನಿಸಿದ್ದೇ, ಎರಡು ವರ್ಷ ಬಾರದ ಅಳು ಉಕ್ಕಿ ಬಂತು. ಅಳುತ್ತಲೇ ಉದ್ದನ ಕಂಕುಳಿಗೆ ಕೈ ಕೊಟ್ಟ. ಮೂಳೆ ಮುರಿದ ಕಡೆ ತಗಲಿ ಉದ್ದ ಚೀರಿದ. ತಾಳಿಕೋ ಎಂದು ಅವನನ್ನು ಬೆನ್ನಿಗೆ ಹಾಕಿಕೊಂಡು ಏಣಿ ಹಿಡಿದ. ಇಬ್ಬರ ರಕ್ತವೂ ಒಂದೇ ಅಂಗಿಗೆ ಇಳಿಯುತ್ತಿತ್ತು.

ಐದನೆಯ ಮೆಟ್ಟಿಲಿಗೆ ತಲೆ ನೆಲಕ್ಕಿಂತ ಮೇಲೆ ಬಂತು. ಮೊದಲು ಅವನ ಕಣ್ಣು ಹೋದದ್ದು ಸ್ವಿಚ್ಚಿಗೆ. ಚಿಕ್ಕನ ಹೆಂಡತಿ ಹಿಡಿ ಎಳೆಯಲು ನಿಂತಿರಲಿಲ್ಲ. ಎಲ್ಲರಿಗೂ ಬೆನ್ನು ಹಾಕಿ, ಮೈಯಿಂದ ಸ್ವಿಚ್ಚನ್ನು ಮರೆಮಾಡಿ, ಟೋಪಿಯನ್ನು ಯಾರೂ ತೆಗೆಯದ ಹಾಗೆ ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಂಡು ನಿಂತಿದ್ದಳು. ಅವನು ಮೇಲೆ ಬಂದು, ಬಂದೆನಮ್ಮ ಎಂದು ಹೇಳಿದ ಮೇಲೂ ಅವಳು ಕೈ ಬಿಡಲಿಲ್ಲ.